ಘಾಟಿ ಇಳಿಯುವಾಗ ನನ್ನ ಬ್ರೇಕು

"ಮುಂದಿನ ಬ್ರೇಕ್ ಹಿಡೀಬೇಡ ಮಾರಾಯ, ಪಲ್ಟಿ ಹೊಡೀತೀಯ." ನಮ್ಮ ಕಡೆ ಬೈಕ್ ಕಲಿಸುವವರು ಹೀಗೆ ಹೆದರಿಸಿಯೇ ಶುರು ಮಾಡೋದು. ಅದಕ್ಕೇ ಎಷ್ಟೋ ಜನ ಜೀವಮಾನವಿಡೀ ಬಲಗಾಲಿನ ಪೆಡಲ್‌ನಲ್ಲೇ, ಅಂದರೆ ಹಿಂದಿನ ಬ್ರೇಕಿನಲ್ಲೇ, ಬೈಕ್ ನಿಲ್ಲಿಸುತ್ತಾರೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗಿಬರುವ ನನಗೆ ಆ ಪಾಠ ಸಾಲಲಿಲ್ಲ.

ಬ್ರೇಕ್ ಹಾಕಿದ ಕೂಡಲೇ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನದು ಹಗುರಾಗುತ್ತದೆ. ಆಗ ಪೆಡಲ್ ಜೋರಾಗಿ ತುಳಿದರೆ ಹಿಂದಿನ ಚಕ್ರ ತಿರುಗೋದು ನಿಂತು, ಲಾಕ್ ಆಗಿ ಬಾಲ ಬೀಸುತ್ತದೆ. ಒಣ ಡಾಂಬರಿನಲ್ಲಿ ಗಾಡಿ ನಿಲ್ಲಿಸುವ ಕೆಲಸದ ನೂರಕ್ಕೆ ಸುಮಾರು 70 ಪಾಲು ಮುಂದಿನ ಬ್ರೇಕಿನದೇ. ಬೀಳಿಸುವುದು ಬ್ರೇಕಲ್ಲ, ಗಬಕ್ಕನೆ ಹಿಡಿಯುವ ಕೈ.

ಇದನ್ನು ಕೈಗೆ ಕಲಿಸಲು ಬೆಳಿಗ್ಗೆ ಖಾಲಿ ಮೈದಾನಕ್ಕೆ ಹೋಗುತ್ತಿದ್ದೆ. 30ರ ಸ್ಪೀಡು, ಬಲಗೈಯ ಮುಂದಿನ ಬ್ರೇಕ್ ಲಿವರ್ ಮೇಲೆ ಎರಡೇ ಬೆರಳು. ಮೊದಲು ಬ್ರೇಕ್ ಪ್ಯಾಡು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ತಾಗುವಷ್ಟು ಮಾತ್ರ ಎಳೆಯೋದು. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕುಗ್ಗಿ ಹ್ಯಾಂಡಲ್ ಕೆಳಗಿಳಿದದ್ದು ಅಂಗೈಗೇ ಗೊತ್ತಾಗುತ್ತದೆ. ಆಮೇಲೆ ನಿಂಬೆಹಣ್ಣು ಹಿಂಡಿದ ಹಾಗೆ ಬಿಗಿ ಮಾಡುತ್ತಾ ಹೋಗೋದು. ಟೈರು ರಸ್ತೆಗೆ ಒತ್ತಿ ಕೂತ ಮೇಲೆ ಎಷ್ಟು ಹಿಡಿದರೂ ತಡೆದುಕೊಳ್ಳುತ್ತದಲ್ಲ ಅಂತ ಆಶ್ಚರ್ಯವಾಗುತ್ತದೆ. ಕಾಲು ಸುಮ್ಮನೆ ಜೊತೆಗಿರಬೇಕು, ಅಷ್ಟೆ.

ಘಾಟಿಯಲ್ಲಿ ನನ್ನ ಕ್ರಮ ಒಂದೇ: ಬ್ರೇಕಿನ ಕೆಲಸ ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗಲೇ ಮುಗಿಯಬೇಕು. ಸೆಕೆಂಡ್ ಗೇರಿಗೆ ಇಳಿಸಿದರೆ ಇಂಜಿನ್ನೇ ಅರ್ಧ ಹಿಡಿದುಕೊಳ್ಳುತ್ತದೆ. ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್‌ನಲ್ಲಿ ಇಳಿಯೋ ಮಹಾನುಭಾವರಿದ್ದಾರೆ. ಉಳಿಯೋದು ನಾಲ್ಕು ಕಾಸು, ಕೆಳಗೆ ಬರುವಷ್ಟರಲ್ಲಿ ಬ್ರೇಕ್ ಶೂ ಸುಟ್ಟ ವಾಸನೆ.

ಮಳೆಗಾಲದಲ್ಲಿ ಗುಡ್ಡದ ನೀರು ರಸ್ತೆಗೇ ಹರಿಯುತ್ತದೆ. ಒದ್ದೆ ಎಲೆ, ಬಿಳಿ ಪಟ್ಟಿ, ಜಲ್ಲಿ ಇವುಗಳ ಮೇಲೆ ಬ್ರೇಕ್ ಮುಟ್ಟೋದೇ ಇಲ್ಲ. ನೀರು ದಾಟಿದ ಮೇಲೆ ಲಿವರನ್ನು ಹಗುರಾಗಿ ಎಳೆದು ಡಿಸ್ಕ್ ಒಣಗಿಸಿಕೊಳ್ಳುತ್ತೇನೆ. ಮುಂದಿನ ವಾಹನದಿಂದ ದೂರವೂ ಜಾಸ್ತಿ. 60ರಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಓಡುತ್ತದೆ, ಬೆರಳು ಲಿವರ್ ಒತ್ತುವ ಮೊದಲೇ!

"ಎಬಿಎಸ್ ಇದೆಯಲ್ಲ, ಏನು ಭಯ?" ಅನ್ನುವವರಿಗೂ ಒಂದು ಮಾತು. ಎಬಿಎಸ್ ಅಂದರೆ ಬ್ರೇಕ್ ಜೋರಾಗಿ ಹಿಡಿದರೂ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಅದು ಕಡ್ಡಾಯವಾಯಿತು, ನಿಜ. ಆದರೆ ನನ್ನ 150 ಸಿಸಿ ಗಾಡಿಯ ಹಾಗೆ ಎಷ್ಟೋ ಬೈಕುಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದು ಈಗಲೂ ಲಾಕ್ ಆಗುತ್ತದೆ. ಬೈಕು ವಾಲಿರುವಾಗ ಗಟ್ಟಿಯಾಗಿ ಹಿಡಿದರೆ ಸಾದಾ ಎಬಿಎಸ್ ಕಾಪಾಡುತ್ತದೆ ಅನ್ನೋ ಗ್ಯಾರಂಟಿಯೂ ಇಲ್ಲ.

ಪ್ಯಾಡ್ ಎಷ್ಟು ಸವೆದಿದೆ ಅಂತ ಮಳೆ ಶುರುವಾಗುವ ಮೊದಲು ಟಾರ್ಚ್ ಬಿಟ್ಟು ನಾನೇ ನೋಡುತ್ತೇನೆ. ಲಿವರ್ ಒತ್ತಿದ್ದನ್ನು ಪ್ಯಾಡಿಗೆ ಮುಟ್ಟಿಸುವ ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಲೇಬೇಕು. ಅದು ಗಾಳಿಯ ತೇವ ಹೀರುತ್ತದೆ. ಉದ್ದ ಇಳಿಜಾರಿನ ಬಿಸಿಗೆ ಆ ನೀರು ಕುದ್ದರೆ ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ. ಸರ್ವಿಸ್‌ಗೆ ಬಿಡುವಾಗ ಇದನ್ನು ಬಾಯಿಬಿಟ್ಟು ಹೇಳಿ, ಚೀಟಿಯಲ್ಲೂ ಬರೆಸಿ.