ಹಂಚುವ ಕೇಕಿಗೆ ರಮ್ ಬೇಕೆ? ರಮ್ ಇಲ್ಲದೆ ಕ್ರಿಸ್‌ಮಸ್ ಕೇಕ್ ಮಾಡುವ ಬಗೆ

ನವೆಂಬರ್ ಕೊನೆಯ ವಾರ ಬಂತೆಂದರೆ ದಾವಣಗೆರೆಯ ಕ್ರೈಸ್ತರ ಮನೆಗಳಲ್ಲಿ ಒಣದ್ರಾಕ್ಷಿ, ಖರ್ಜೂರ ಹೆಚ್ಚಿ ನೆನೆಹಾಕುವ ಕೆಲಸ ಶುರುವಾಗುತ್ತದೆ; ನೆನೆಹಾಕುವುದು ರಮ್ಮಿನಲ್ಲೋ ಹಣ್ಣಿನ ರಸದಲ್ಲೋ ಎಂಬ ಪ್ರಶ್ನೆಯೂ ಆಗಲೇ ಏಳುತ್ತದೆ. ಮನೆಯವರಷ್ಟೇ ತಿನ್ನುವ ಕೇಕಾದರೆ ಅದು ಮನೆಯವರ ತೀರ್ಮಾನ. ಚರ್ಚ್ ಸಭೆಯ ಊಟಕ್ಕೆ, ನೆರೆಹೊರೆಯವರ ತಟ್ಟೆಗೆ ಹೋಗುವ ಕೇಕಿಗೆ ಮಾತ್ರ ಮದ್ಯ ಹಾಕಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು, ಯಾರು ತಿನ್ನುತ್ತಾರೆ ಎಂಬುದನ್ನು ಯೋಚಿಸಿ. ಕಥೋಲಿಕರ ಬಲಿಪೂಜೆಯಲ್ಲಿ ದ್ರಾಕ್ಷಾರಸವೇ ಬಳಕೆಯಾಗುವುದರಿಂದ, ಅಡುಗೆಗೆ ಒಂದಿಷ್ಟು ವೈನ್ ಸೇರಿಸುವುದನ್ನು ಅವರು ಸಾಮಾನ್ಯವಾಗಿ ತಪ್ಪೆಂದು ಎಣಿಸುವುದಿಲ್ಲ. ಅವರ ಬೋಧನೆಯಲ್ಲಿ ಪಾಪವೆನಿಸುವುದು ಕುಡಿತದ ಅತಿರೇಕ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವರಲ್ಲಿ ಇದು ಮನೆಯಿಂದ ಮನೆಗೆ ಬದಲಾಗುತ್ತದೆ. ಪೆಂಟೆಕೋಸ್ಟ್, ಬ್ರದರನ್, ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಗಳವರು ಮದ್ಯವನ್ನು ದೂರವಿಡುತ್ತಾರೆ, ಮತ್ತು ಅವರಲ್ಲಿ ಅನೇಕರು ಕೇಕಿನಲ್ಲಿರುವ ಒಂದು ಚಮಚವನ್ನೂ ಒಪ್ಪುವುದಿಲ್ಲ. ಪ್ರಭು ಭೋಜನಕ್ಕೆ, ಅಂದರೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಗೆ ಕೂಡ ಹುದುಗದ ರಸವೇ ಬೇಕೆಂದು ಅಮೆರಿಕದ ಮೆಥಡಿಸ್ಟ್ ದಂತವೈದ್ಯ ಥಾಮಸ್ ವೆಲ್ಚ್ 1869ರಲ್ಲಿ ದ್ರಾಕ್ಷಿಯ ರಸವನ್ನು ಕಾಯಿಸಿ ಸೀಸೆಯಲ್ಲಿಡುವ ವಿಧಾನ ರೂಪಿಸಿದರು.

ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸವಾಗಿಸಿದ್ದನ್ನು ಒಬ್ಬರು ನೆನಪಿಸಿದರೆ, ದ್ರಾಕ್ಷಾರಸದಿಂದ ಮೋಸಹೋಗಬೇಡಿರೆಂದು ಬೈಬಲಿನ ಜ್ಞಾನೋಕ್ತಿಗಳ 20ನೆಯ ಅಧ್ಯಾಯ ಎಚ್ಚರಿಸುವುದನ್ನು ಇನ್ನೊಬ್ಬರು ನೆನಪಿಸುತ್ತಾರೆ. ಹಂಚಿ ತಿನ್ನುವ ಊಟದ ವಿಷಯಕ್ಕೆ ನನಗೆ ಹತ್ತಿರವೆನಿಸುವುದು ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯ: ಸಹೋದರನು ಎಡವುವುದಕ್ಕೆ ಕಾರಣವಾಗುವುದಾದರೆ ಮಾಂಸವನ್ನಾಗಲಿ ದ್ರಾಕ್ಷಾರಸವನ್ನಾಗಲಿ ಬಿಡುವುದೇ ಒಳ್ಳೆಯದೆಂದು ಪೌಲನು ಅಲ್ಲಿ ಹೇಳುತ್ತಾನೆ. 2007ರಲ್ಲಿ ಸರಾಯಿ ನಿಷೇಧವಾಗುವ ಮುನ್ನ ಅದು ಹಾಳುಮಾಡಿದ ಸಂಸಾರಗಳನ್ನು ಕಣ್ಣಾರೆ ಕಂಡವರು ನಮ್ಮ ಸಭೆಗಳಲ್ಲಿ ಇಂದಿಗೂ ಇದ್ದಾರೆ; ಕುಡಿತ ಬಿಟ್ಟದ್ದನ್ನೇ ತಮ್ಮ ನಂಬಿಕೆಯ ಸಾಕ್ಷಿಯಾಗಿ ಹೇಳುವವರೂ ಇದ್ದಾರೆ.

ಬೇಯುವಾಗ ಎಲ್ಲವೂ ಆವಿಯಾಗಿ ಹೋಗುತ್ತದೆ ಎಂಬ ಮಾತನ್ನು ನಾನೂ ಬಹಳ ವರ್ಷ ನಂಬಿದ್ದೆ. ಆಲ್ಕೋಹಾಲ್ 78 ಡಿಗ್ರಿಯಲ್ಲೇ ಕುದಿಯುತ್ತದೆ, ನಿಜ, ಆದರೆ ನೀರು, ಹಿಟ್ಟುಗಳೊಡನೆ ಬೆರೆತಾಗ ಅದು ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಮಿಶ್ರಣದಲ್ಲಿ ಕಲಸಿ ಅರ್ಧ ಗಂಟೆ ಬೇಯಿಸಿದರೆ ಸುಮಾರು ಶೇ. 35, ಒಂದು ಗಂಟೆಗೆ ಶೇ. 25, ಎರಡೂವರೆ ಗಂಟೆಯ ನಂತರವೂ ಶೇ. 5ರಷ್ಟು ಉಳಿಯುತ್ತದೆ. 100 ಮಿಲಿ ರಮ್ಮಿನಲ್ಲಿ ಸುಮಾರು 43 ಮಿಲಿ ಆಲ್ಕೋಹಾಲ್ ಇದ್ದರೆ, ಒಂದು ಗಂಟೆ ಬೆಂದ ಕೇಕಿನಲ್ಲಿ 11 ಮಿಲಿಯಷ್ಟು ಉಳಿದಿರುತ್ತದೆ. ಬೆಂದ ಮೇಲೆ ಚಮಚದಿಂದ ಸುರಿಯುವ ರಮ್ಮಿಗಂತೂ ಬೆಂಕಿಯೇ ತಾಗುವುದಿಲ್ಲ. 11 ಮಿಲಿ ಉಳಿದ ಆ ಕೇಕನ್ನು ಇಪ್ಪತ್ತು ಹೋಳು ಮಾಡಿದರೆ ಒಂದೊಂದರಲ್ಲಿ ಸುಮಾರು ಅರ್ಧ ಮಿಲಿ; ಅಮಲೇರಲು ಅದು ಸಾಲದು, ಆದರೆ ವಾಸನೆ ಉಳಿಯುತ್ತದೆ. ಒಂದು ವರ್ಷ ನಾನು ಒಯ್ದ ಕೇಕನ್ನು ಕುಡಿತ ಬಿಟ್ಟ ಹಿರಿಯರೊಬ್ಬರು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ, “ಇದರಲ್ಲಿ ಏನಾದ್ರೂ ಹಾಕಿದ್ದೀಯೇನಮ್ಮ?” ಎಂದು ಕೇಳಿದರು. ಉಳಿದ ಹೋಳನ್ನು ಕಾಗದದಲ್ಲಿ ಸುತ್ತಿ ತಟ್ಟೆಯ ಅಂಚಿಗಿಟ್ಟು ಎರಡು ಲೋಟ ನೀರು ಕುಡಿದರು. ಹೇಳದೆ ಬಡಿಸಿದ್ದು ನನ್ನ ತಪ್ಪು.

ಅಂದಿನಿಂದ ನಾನು ಮಾಡುವ ಕ್ರಮ ಇದು. ಕಪ್ಪು ಒಣದ್ರಾಕ್ಷಿ, ಖರ್ಜೂರ, ಟೂಟಿ ಫ್ರೂಟಿ ಸೇರಿ 400 ಗ್ರಾಂ ತೆಗೆದುಕೊಂಡು, 150 ಮಿಲಿ ಕಿತ್ತಳೆ ರಸ, 100 ಮಿಲಿ ಗಟ್ಟಿ ಚಹಾ ಡಿಕಾಕ್ಷನ್, ಎರಡು ಚಮಚ ಬೆಲ್ಲ, ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿಯ ಪುಡಿಗಳೊಡನೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ರಮ್ಮಿನ ಗಾಢತೆಯನ್ನು ಚಹಾದ ಒಗರು ಬಹುಮಟ್ಟಿಗೆ ತುಂಬುತ್ತದೆ. ತಣಿದ ಮೇಲೆ ಫ್ರಿಜ್ಜಿನಲ್ಲಿ ಒಂದು ರಾತ್ರಿ, ಹೆಚ್ಚೆಂದರೆ ಮೂರು ದಿನ ಇಡಿ. ಮದ್ಯದಂತೆ ಕಾಪಾಡುವ ಗುಣ ಹಣ್ಣಿನ ರಸಕ್ಕಿಲ್ಲವಾದ್ದರಿಂದ ತಿಂಗಳುಗಟ್ಟಲೆ ಹೊರಗಿಟ್ಟರೆ ಹುದುಗಿ ಕೆಡುತ್ತದೆ.

75 ಗ್ರಾಂ ಸಕ್ಕರೆಯನ್ನು ಕಂದು ಬಣ್ಣ ದಟ್ಟವಾಗುವವರೆಗೆ ಕರಗಿಸಿ, ಅಷ್ಟೇ ಬಿಸಿನೀರನ್ನು ದೂರದಿಂದ ಎಚ್ಚರಿಕೆಯಿಂದ ಸುರಿಯಿರಿ, ಕಪ್ಪಾದರೆ ಕಹಿಯಾಗುತ್ತದೆ. 150 ಗ್ರಾಂ ಬೆಣ್ಣೆ ಮತ್ತು ಅಷ್ಟೇ ಸಕ್ಕರೆಯನ್ನು ನೊರೆಯಾಗುವಂತೆ ಕಲಸಿ, ಮೂರು ಮೊಟ್ಟೆ, ತಣಿದ ಪಾಕ, 200 ಗ್ರಾಂ ಮೈದಾ, ಒಂದು ಚಮಚ ಬೇಕಿಂಗ್ ಪೌಡರ್ ಹಾಗೂ ಹಣ್ಣುಗಳನ್ನು ಸೇರಿಸಿ. ನಮ್ಮೂರಿನ ಬಿಡಿ ಬೆಣ್ಣೆಯನ್ನು ಬಳಸುವುದಾದರೆ ನೀರನ್ನು ಚೆನ್ನಾಗಿ ಹಿಂಡಿ ತೆಗೆಯಬೇಕು, ಇಲ್ಲದಿದ್ದರೆ ಕೇಕಿನ ನಡುವೆ ಹಸಿ ಉಳಿಯುತ್ತದೆ. 160 ಡಿಗ್ರಿಯಲ್ಲಿ ಸುಮಾರು 70 ನಿಮಿಷ ಬೇಯಿಸಿ.

ವೆನಿಲಾ ಹಾಕುವವರು ಸೀಸೆಯ ಚೀಟಿಯನ್ನು ಓದಬೇಕು. ನಿಜವಾದ ವೆನಿಲಾ ಸಾರವನ್ನು ಆಲ್ಕೋಹಾಲಿನಲ್ಲೇ ತೆಗೆದಿರುತ್ತಾರೆ. ಮನೆಯವರಿಗಾಗಿ ರಮ್ ಹಾಕಿದ ಇನ್ನೊಂದು ಕೇಕ್ ಮಾಡಿದ್ದರೆ ಎರಡಕ್ಕೂ ಬೇರೆ ಚಾಕು, ಬೇರೆ ಡಬ್ಬಿ ಇರಲಿ, ಮತ್ತು ಯಾವುದರಲ್ಲಿ ಏನಿದೆ ಎಂದು ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿಬಿಡಿ.