ಚಳಿಗಾಲದಲ್ಲಿ ಲಾರಿ ಘಟ್ಟ ಏರುತ್ತಿಲ್ಲವೇ? ಇಂಜೆಕ್ಟರ್ ಬಿಚ್ಚುವ ಮೊದಲು ಇಷ್ಟು ನೋಡಿ

ಕುಮಟಾದಿಂದ ಲೋಡು ತುಂಬಿಕೊಂಡು ಶಿರಸಿ ಕಡೆ ಹೊರಟಿದ್ದೀರಿ. ದೇವಿಮನೆ ಘಟ್ಟದಲ್ಲಿ, ಕಳೆದ ವಾರ ಮೂರನೇ ಗೇರಿನಲ್ಲಿ ಆರಾಮಾಗಿ ಏರಿದ ತಿರುವಿನಲ್ಲೇ ಲಾರಿ ಇವತ್ತು ಎರಡಕ್ಕೂ ಎಳೆಯುತ್ತಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಪಿಕಪ್ ಇಲ್ಲ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಈ ದೂರು ಜಾಸ್ತಿ. ಚಹಾ ಕುಡಿಯಲು ನಿಲ್ಲಿಸಿದರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, "ಚಳಿಗೆ ಡೀಸೆಲ್ ಗಟ್ಟಿಯಾಗಿದೆ" ಅಂತ.

ಆ ಮಾತನ್ನು ಅಲ್ಲಿಗೇ ಬಿಡಿ. ಡೀಸೆಲ್‌ನಲ್ಲಿ ಮೇಣ ಇರುವುದು ನಿಜ, ಚಳಿಗೆ ಅದು ಕಟ್ಟಿಕೊಂಡು ಫಿಲ್ಟರ್ ಮುಚ್ಚುವುದೂ ನಿಜ. ಆದರೆ ಚಳಿಗಾಲದ ಡೀಸೆಲ್ 6 ಡಿಗ್ರಿವರೆಗೆ ಫಿಲ್ಟರಿನಲ್ಲಿ ಹರಿಯಬೇಕು ಎನ್ನುವುದು ನಮ್ಮ ದೇಶದ ಮಾನದಂಡ. ಶಿರಸಿಯಲ್ಲಿ ಎಂಥ ಚಳಿ ಬಿದ್ದರೂ 10 ಡಿಗ್ರಿಗಿಂತ ಕೆಳಗೆ ಹೋಗುವುದು ಅಪರೂಪ. ಕಾರವಾರದಲ್ಲಂತೂ ಆ ಮಾತೇ ಇಲ್ಲ. ಮೇಣದ ಕಾಟ ಲಡಾಖ್‌ನವರದ್ದು, ಅವರಿಗಾಗಿ 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಬೇರೆ ಡೀಸೆಲ್ಲನ್ನೇ ತಂದಿತು. ನಮ್ಮಲ್ಲಿ ಒಂದೇ ಅಪವಾದ: ಬೇಸಿಗೆಯಲ್ಲಿ ಡ್ರಮ್ಮಿಗೆ ತುಂಬಿಸಿಟ್ಟ ಹಳೇ ಡೀಸೆಲ್. ಬೇಸಿಗೆ ಡೀಸೆಲ್‌ಗೆ ಆ ಮಿತಿ 18 ಡಿಗ್ರಿ. ಅದನ್ನು ಜನವರಿಯ ಶಿರಸಿಯಲ್ಲಿ ಹಾಕಬೇಡಿ.

ಹಾಗಾದರೆ ಚಳಿಗಾಲದಲ್ಲೇ ಯಾಕೆ ಹೀಗಾಗುತ್ತದೆ? ಮುಖ್ಯ ಕಾರಣ ನೀರು. ಕರಾವಳಿಯಲ್ಲಿ ಓಡಾಡುವಾಗ ಟ್ಯಾಂಕಿನ ಖಾಲಿ ಜಾಗದಲ್ಲಿ ಸಮುದ್ರದ ಕಡೆಯ ಬೆಚ್ಚಗಿನ, ತೇವದ ಗಾಳಿ ತುಂಬಿರುತ್ತದೆ. ರಾತ್ರಿ ಘಟ್ಟದ ಮೇಲೆ ನಿಲ್ಲಿಸುತ್ತೀರಿ. ಟ್ಯಾಂಕಿನ ತಗಡು ತಣ್ಣಗಾಗುತ್ತದೆ, ಒಳಗಿನ ತೇವ ಇಬ್ಬನಿಯ ಹಾಗೆ ಗೋಡೆಗೆ ಕೂತು ಕೆಳಗೆ ಇಳಿಯುತ್ತದೆ. ಒಂದು ರಾತ್ರಿಗೆ ಬರುವುದು ಸ್ವಲ್ಪವೇ. ಆದರೆ ದಿನಾ ಅರ್ಧ ಟ್ಯಾಂಕಿನಲ್ಲಿ ಮೇಲೆ ಕೆಳಗೆ ಓಡುವ ಗಾಡಿಯಲ್ಲಿ ಅದು ಕೂಡುತ್ತಾ ಹೋಗುತ್ತದೆ, ಮಳೆಗಾಲದಲ್ಲಿ ಮುಚ್ಚಳದಿಂದ ಇಳಿದ ನೀರೂ ತಳದಲ್ಲೇ ಇರುತ್ತದೆ. ಡೀಸೆಲ್ ಮತ್ತು ನೀರು ಸೇರುವ ಪದರದಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಅದೇ ಹೋಗಿ ಫಿಲ್ಟರ್ ತುಂಬುವುದು.

ಮೊದಲು ಏನನ್ನೂ ಬಿಚ್ಚಬೇಡಿ, ಹೊಗೆ ನೋಡಿ. ಲೋಡಿನಲ್ಲಿ ಏರುವಾಗ ಕ್ಲೀನರ್ ಹಿಂದೆ ನೋಡಿ ಹೇಳಲಿ. ಕಪ್ಪು ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಗಾಳಿ ಸಾಲುತ್ತಿಲ್ಲ. ಹೊಗೆಯೇ ಇಲ್ಲದೆ ಸುಮ್ನೆ ಸೊರಗಿದರೆ ಡೀಸೆಲ್ಲೇ ಸಾಲುತ್ತಿಲ್ಲ. ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದು ನಿಂತರೆ ಚಳಿಯದ್ದು, ಚಿಂತೆ ಬೇಡ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಮೆಕ್ಯಾನಿಕ್ ಬೇಕು. ನೀಲಿ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ.

ಹೊಗೆ ಇಲ್ಲ, ಎಳೆತವೂ ಇಲ್ಲ ಅಂದರೆ ವಾಟರ್ ಸೆಪರೇಟರಿನಿಂದ (ಡೀಸೆಲ್‌ನಿಂದ ನೀರು ಬೇರ್ಪಡಿಸುವ ಬಟ್ಟಲು) ಶುರು ಮಾಡಿ. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲೇ, ರಾತ್ರಿಯಿಡೀ ನೀರು ತಳಕ್ಕೆ ಕೂತಿರುವಾಗ, ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಬಿಡಿ. ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆ ಗೆರೆಯಾಗಿ ಕಾಣುತ್ತದೆ. ಕಪ್ಪು ಲೋಳೆ ಕಂಡರೆ ಫಿಲ್ಟರ್ ಬದಲಿಸಿದರಷ್ಟೇ ಸಾಲದು, ಟ್ಯಾಂಕನ್ನೇ ತೊಳೆಯಬೇಕು, ಇಲ್ಲದಿದ್ದರೆ ಹೊಸ ಫಿಲ್ಟರೂ ಬೇಗನೆ ಕಟ್ಟುತ್ತದೆ.

ಆಮೇಲೆ ಟ್ಯಾಂಕಿನ ಮುಚ್ಚಳ. ಗಾಡಿ ಸೊರಗಿದ ಜಾಗದಲ್ಲೇ ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಚ್ಚಳ ನಿಧಾನಕ್ಕೆ ತಿರುಗಿಸಿ. ಸುಂಯ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಉಸಿರಿನ ತೂತು ಕಟ್ಟಿದೆ. ಚಿರೇಕಲ್ಲಿನ ಧೂಳಿಗೆ ತೇವ ಸೇರಿದರೆ ಸಿಮೆಂಟಿನಂತೆ ಕೂರುತ್ತದೆ. ಸ್ವಚ್ಛ ಮಾಡಿ ಹಾಕಿ, ದುಡ್ಡೇ ಬೇಡ.

ಈಗ ನನ್ನನ್ನು ಒಂದು ಇಡೀ ಚಳಿಗಾಲ ಕಾಡಿದ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಗಾಡಿ ಎಳೆಯುತ್ತಿರಲಿಲ್ಲ, ಮಧ್ಯಾಹ್ನ ಬಿಸಿಲೇರಿದ ಮೇಲೆ ಸರಿ ಇರುತ್ತಿತ್ತು. ಒಂದು ಗ್ಯಾರೇಜಿನಲ್ಲಿ ನಾಲ್ಕೂ ಇಂಜೆಕ್ಟರ್ (ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ) ಬಿಚ್ಚಿ ರಿಪೇರಿ ಮಾಡಿಸಿದರು, ದುಡ್ಡು ಹೋಯಿತು, ಗಾಡಿ ಹಾಗೇ ಇತ್ತು. ಕೊನೆಗೆ ಸಿಕ್ಕಿದ್ದು ಟ್ಯಾಂಕಿನಿಂದ ಬರುವ ರಬ್ಬರ್ ಪೈಪಿನ ಸಡಿಲ ಕ್ಲಿಪ್ಪು. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ಎಳೆಯಲ್ಪಡುತ್ತದೆ, ಒತ್ತಲ್ಪಡುವುದಿಲ್ಲ. ಹಾಗಾಗಿ ಅಲ್ಲಿ ಬಿರುಕು ಇದ್ದರೆ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಹಳೇ ರಬ್ಬರ್ ಚಳಿಗೆ ಗಟ್ಟಿಯಾಗಿ ಸಂದು ಬಿಡುತ್ತದೆ, ಬಿಸಿಯಾದರೆ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ. ಹಿಡಿಯುವ ದಾರಿ ಸುಲಭ: ಪ್ರೈಮರಿ ಫಿಲ್ಟರಿನ ಮುಂಚೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪು ಜೋಡಿಸಿ, ಎಂಜಿನ್ ಓಡಿಸಿ. ಶುರುವಿನಲ್ಲಿ ಒಂದೆರಡು ಗುಳ್ಳೆ ಸಹಜ. ನಿಲ್ಲದೆ ಬರುತ್ತಿದ್ದರೆ ಏರ್ ಹಿಡಿಯುತ್ತಿದೆ. ಕ್ಲಿಪ್ಪು, ತಾಮ್ರದ ವಾಷರ್, ಪೈಪು ಒಂದೊಂದಾಗಿ ಬದಲಿಸಿ. ಎಲ್ಲಾ ಸೇರಿದರೂ ಒಂದು ಇಂಜೆಕ್ಟರಿನ ಖರ್ಚಿಗೆ ಹತ್ತಿರವೂ ಬರುವುದಿಲ್ಲ.

ಒಂದು ಎಚ್ಚರಿಕೆ. ಹಳೇ ಗಾಡಿಯಲ್ಲಿ ಇಂಜೆಕ್ಟರ್ ಪೈಪು ಸಡಿಲಿಸಿ ಏರ್ ತೆಗೆಯುವ ಅಭ್ಯಾಸ ಎಲ್ಲರಿಗೂ ಇದೆ. ಕಾಮನ್ ರೈಲ್ ಎಂಜಿನ್ನಿನಲ್ಲಿ (ಎಲ್ಲಾ ಇಂಜೆಕ್ಟರಿಗೂ ಒಂದೇ ಹೈ ಪ್ರೆಷರ್ ಪೈಪಿನಿಂದ ಡೀಸೆಲ್ ಹೋಗುವ ಹೊಸ ಎಂಜಿನ್) ಹಾಗೆ ಮಾಡಲೇಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ, ಡೀಸೆಲ್ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದು, ಸೀಮೆಎಣ್ಣೆ ಬೆರೆಸುವುದು ಎರಡೂ ಬೇಡ. ಸೀಮೆಎಣ್ಣೆಗೆ ಜಾರುವ ಗುಣ ಕಡಿಮೆ, ಪಂಪು ಸವೆಯುತ್ತದೆ.

ಕಪ್ಪು ಹೊಗೆಯ ಗಾಡಿಗೆ ದಾರಿ ಬೇರೆ. ಏರ್ ಫಿಲ್ಟರ್ ತೆಗೆದು ನೋಡಿ. ಕೆಂಪು ಧೂಳು ತುಂಬಿದ ಕಾಗದ ಮಂಜಿಗೆ ಒದ್ದೆಯಾದರೆ ಗಾಳಿ ಬಿಡುವುದಿಲ್ಲ. ಟರ್ಬೊದಿಂದ (ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಭಾಗ) ಇಂಟರ್‌ಕೂಲರಿಗೆ (ಆ ಗಾಳಿ ತಣಿಸುವ ಭಾಗ) ಹೋಗುವ ಹೋಸ್‌ಗಳ ಜಾಯಿಂಟಿನಲ್ಲಿ ಎಣ್ಣೆ ಜಿಡ್ಡು ಕಂಡರೆ ಸೋಪಿನ ನೀರು ಹಚ್ಚಿ ಆಕ್ಸಿಲರೇಟರ್ ಕೊಡಿಸಿ, ನೊರೆ ಎದ್ದಲ್ಲಿ ಸೋರಿಕೆ ಇದೆ. ಇಷ್ಟಾದರೂ ಸಿಗದಿದ್ದರೆ ಎಕ್ಸಾಸ್ಟ್ ಬ್ರೇಕ್ (ಹೊಗೆ ಕೊಳವೆ ಮುಚ್ಚಿ ಗಾಡಿ ನಿಧಾನಿಸುವ ಬ್ರೇಕ್) ನೋಡಿ. ಅರಬೈಲು, ದೇವಿಮನೆ ಇಳಿಯುವಾಗ ನಾವು ಅದನ್ನೇ ನಂಬುತ್ತೇವೆ, ಅಲ್ವಾ? ಉಪ್ಪು ಗಾಳಿಗೆ ಅದರ ಚಿಟ್ಟೆ ಕವಾಟ ತುಕ್ಕು ಹಿಡಿದು ಅರ್ಧ ಮುಚ್ಚಿ ನಿಂತುಬಿಟ್ಟರೆ ಹೊಗೆ ಹೊರಗೆ ಹೋಗದೆ ಎಂಜಿನ್ ಉಸಿರು ಕಟ್ಟುತ್ತದೆ. ಎಂಜಿನ್ ತಣ್ಣಗಿರುವಾಗ ಲಿವರ್ ಕೈಯಲ್ಲಿ ಆಡಿಸಿ ನೋಡಿ, ಪೂರ್ತಿ ವಾಪಸ್ ಬರಬೇಕು.

ಎಂಜಿನ್ ಸರಿ ಇದ್ದೂ ಗಾಡಿ ಭಾರ ಅನಿಸಿದರೆ ಬ್ರೇಕ್ ಹಿಡಿದಿರಬಹುದು. ನಿಲ್ಲಿಸಿದ ತಕ್ಷಣ ಪ್ರತಿ ಗಾಲಿಯ ಹತ್ತಿರ ಕೈ ಒಡ್ಡಿ, ಮುಟ್ಟಬೇಡಿ. ಒಂದು ಮಾತ್ರ ಕಾದಿದ್ದರೆ ಉತ್ತರ ಸಿಕ್ಕಿತು. ಬ್ರೇಕಿನ ಏರ್ ಟ್ಯಾಂಕಿನಲ್ಲಿ ಕೂತ ನೀರನ್ನೂ ಹೊರಗೆ ಬಿಡಿ.

2020ರ ಏಪ್ರಿಲ್ ನಂತರದ ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಮೀಟರ್ ಬೋರ್ಡಿನ ಎಚ್ಚರಿಕೆ ದೀಪ ಮೊದಲು ನೋಡಿ. ಡಿಇಎಫ್ (ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ) ಖಾಲಿಯಾದರೆ, ಕೆಟ್ಟದ್ದಿದ್ದರೆ ಇಸಿಯುವೇ (ಎಂಜಿನ್ ನಡೆಸುವ ಕಂಪ್ಯೂಟರ್) ಶಕ್ತಿ ತಗ್ಗಿಸುತ್ತದೆ. ಡಿಇಎಫ್ ಹೆಪ್ಪುಗಟ್ಟುವುದು ಮೈನಸ್ 11ಕ್ಕೆ, ಅಂದರೆ ಇಲ್ಲೂ ಚಳಿಯ ತಪ್ಪಿಲ್ಲ. ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸಿ.

ಇಷ್ಟೂ ನೋಡಿ ಆದ ಮೇಲೆ ಇಂಜೆಕ್ಟರ್, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಮಾತು. ಗ್ಯಾರೇಜಿಗೆ ಹೋಗುವಾಗ ಯಾವ ತಿರುವು, ಯಾವ ಗೇರು, ಎಷ್ಟು ಲೋಡು, ಹೊಗೆ ಯಾವ ಬಣ್ಣ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ರಿಪೇರಿ ಆದ ಮೇಲೆ ಖಾಲಿ ಗಾಡಿಯನ್ನು ಸಪಾಟು ರಸ್ತೆಯಲ್ಲಿ ಓಡಿಸಿ ತೋರಿಸಿದರೆ ಒಪ್ಪಬೇಡಿ. ಅದೇ ಲೋಡು ಹಾಕಿ, ಅದೇ ಬೆಳಗಿನ ಹೊತ್ತಿನಲ್ಲಿ, ಅದೇ ತಿರುವು ಹತ್ತಿಸಿ ನೋಡಿ.