ಹೆಬ್ಬೆರಳು ಬಳಸದ ಬೌಲಿಂಗ್: ಚೆಂಡು ಪರೀಕ್ಷಿಸುವುದು ಹೇಗೆ?

ಚೆಂಡು ಉರುಳಿಸಿ ಹತ್ತು ಪಿನ್‌ಗಳನ್ನು ಬೀಳಿಸುವ ಟೆನ್‌ಪಿನ್ ಬೌಲಿಂಗ್‌ನಲ್ಲಿ ಹೆಬ್ಬೆರಳನ್ನು ರಂಧ್ರಕ್ಕೆ ತೂರಿಸದೆ ಎಸೆಯುವುದನ್ನು ಕಂಡು ಮೂಗು ಮುರಿಯುವವರು ಒಂದು ಕಾಲದಲ್ಲಿ ಬಹಳ ಮಂದಿ ಇದ್ದರು. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ಹೆಬ್ಬೆರಳಿನ ಹಂಗಿಲ್ಲದೆ, ಎರಡೂ ಕೈ ಬಳಸಿ ಅಮೆರಿಕದ ವೃತ್ತಿಪರ ಟೂರ್‌ನಲ್ಲಿ ಅತಿ ಹೆಚ್ಚು ಪ್ರಮುಖ ಪ್ರಶಸ್ತಿ ಗೆದ್ದ ಮೇಲೆ ಆ ಮಾತು ನಿಂತಿತು. ಆದರೆ ಈ ಶೈಲಿಯವರು ಅಂಗಡಿಯಲ್ಲಿ ಈಗಲೂ ಅತಿ ಹೆಚ್ಚು ತಿರುಗುವ ಚೆಂಡನ್ನೇ ಕೇಳುತ್ತಾರೆ. ಬಿಡುವ ಕ್ಷಣದಲ್ಲಿ ಅವರ ಬೆರಳುಗಳೇ ಚೆಂಡಿಗೆ ಬೇಕಾದಷ್ಟು ಸುತ್ತು ಕೊಡುತ್ತವೆ. ಕೈಗೆ ಬಂದ ಗುಣಕ್ಕೆ ಮತ್ತೆ ದುಡ್ಡು ಸುರಿಯುವುದೇಕೆ?

ತೂಕಕ್ಕೆ 16 ಪೌಂಡ್ ಗರಿಷ್ಠ ಮಿತಿ. ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುವುದರಿಂದ ಒಂದೆರಡು ಪೌಂಡ್ ಕಡಿಮೆ ಇದ್ದರೇ ಒಳಿತು. ಬೆರಳುಗಳಿಗೆ ಎರಡೇ ರಂಧ್ರ ಕೊರೆಸಿ. ಅಮೆರಿಕದ ಬೌಲಿಂಗ್ ಕಾಂಗ್ರೆಸ್‌ನ ನಿಯಮದಂತೆ 2020ರ ಆಗಸ್ಟ್ 1ರಿಂದ ಸಮತೋಲನ ರಂಧ್ರಗಳಿಗೆ, ಅಂದರೆ ಹಿಡಿಯಲು ಬಳಸದ ರಂಧ್ರಗಳಿಗೆ, ಅವಕಾಶವಿಲ್ಲ. ಬಳಸದೆ ಬಿಟ್ಟ ಹೆಬ್ಬೆರಳಿನ ರಂಧ್ರವೂ ಅದೇ ಲೆಕ್ಕಕ್ಕೆ ಸೇರುತ್ತದೆ. ಕೊರೆಯುವವರು ಮೊದಲು ನಿಮ್ಮ ನಾಲ್ಕಾರು ಎಸೆತಗಳನ್ನು ನೋಡಿ, ಚೆಂಡು ಯಾವ ಅಕ್ಷದ ಮೇಲೆ ತಿರುಗುತ್ತದೆಂದು ಗುರುತಿಸಲಿ.

ಇನ್ನು ಪರೀಕ್ಷೆ. ಚೆಂಡು ಉರುಳುವ ಹಾದಿ, ಅಂದರೆ ಲೇನ್, 60 ಅಡಿ. ಸಾಮಾನ್ಯವಾಗಿ ಮೊದಲ 40 ಅಡಿಯಷ್ಟಕ್ಕೆ ಎಣ್ಣೆ ಬಳಿದಿರುತ್ತಾರೆ. ಚೆಂಡು ಎಣ್ಣೆಯ ಮೇಲೆ ಜಾರಿ, ಒಣ ಭಾಗದಲ್ಲಿ ಹಿಡಿತ ಕಂಡುಕೊಂಡು, ಕೊನೆಗೆ ಉರುಳಬೇಕು. ಚೆಂಡು ಮರಳಿದಾಗ ಒರೆಸುವ ಮುನ್ನ ಬೆಳಕಿಗೆ ಹಿಡಿಯಿರಿ: ಎಣ್ಣೆಯ ಉಂಗುರಗಳು ಒಂದರ ಪಕ್ಕ ಒಂದು ಬಿಡಿಸಿಕೊಂಡು ಕಾಣುತ್ತವೆ. ಅವು ಬೆರಳಿನ ರಂಧ್ರದ ಮೇಲೆ ಹಾದಿದ್ದರೆ ಉರುಳುವಾಗಲೇ ಟಕಟಕ ಸದ್ದು ಕೇಳಿಸಿರುತ್ತದೆ. ಆಗ ರಂಧ್ರಗಳ ಜಾಗ ಬದಲಿಸದೆ ಬೇರೆ ದಾರಿಯಿಲ್ಲ.

ಪಿನ್‌ಗಳತ್ತಲೂ ಕಣ್ಣಿಡಿ. ಬಲಗೈ ಆಟಗಾರರ ಚೆಂಡು ಒಂದು ಮತ್ತು ಮೂರನೇ ಪಿನ್ ನಡುವೆ ಸರಿಯಾಗಿಯೇ ಹೊಕ್ಕರೂ, ಆರನೇ ಪಿನ್ ಸೋಮಾರಿಯಂತೆ ಲೇನ್ ಪಕ್ಕದ ಗಟರ್‌ಗೆ (ಕಾಲುವೆಗೆ) ಉರುಳಿ, ಹಿಂದಿನ ಸಾಲಿನ ಬಲತುದಿಯ ಹತ್ತನೆಯದು ನಿಂತೇ ಇದೆಯೇ? ಚೆಂಡು ಬಹುಶಃ ದಾರಿಯಲ್ಲೇ ಶಕ್ತಿ ಕಳೆದುಕೊಂಡಿದೆ. ಹೆಬ್ಬೆರಳಿಲ್ಲದವರಿಗೆ ಇದು ಮಾಮೂಲು ಕಾಯಿಲೆ. 1000 ಗ್ರಿಟ್‌ನ (ಉಜ್ಜುವ ಹಾಳೆಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಒರಟು ಮೈಯನ್ನು 3000ಕ್ಕೆ ನುಣುಪಾಗಿಸಿ, ಇಲ್ಲವೇ ಪಾಲಿಶ್ ಮಾಡಿಸಿ. ಪಂದ್ಯ ಶುರುವಾದ ಮೇಲೆ ಉಜ್ಜುವಂತಿಲ್ಲ, ಮೊದಲೇ ಮುಗಿಸಿಕೊಳ್ಳಿ. ನಿಲ್ಲುವ ಜಾಗವನ್ನು ನೆಲದಲ್ಲಿ ಜೋಡಿಸಿದ ಹಲಗೆಗಳ ಲೆಕ್ಕದಲ್ಲಿ ನಾಲ್ಕೈದು ಹಲಗೆ ಎಡಕ್ಕೆ ಸರಿಸಿ, ಗುರಿಯನ್ನೂ ಅತ್ತ ಸರಿಸಿ ನೋಡಿ.

ಉಳಿದ ಒಂಟಿ ಪಿನ್‌ಗಳಿಗೆ ಅಗ್ಗದ ಪ್ಲಾಸ್ಟಿಕ್ ಚೆಂಡು ಜೊತೆಗಿರಲಿ. ಎಷ್ಟು ಸುತ್ತು ಕೊಟ್ಟರೂ ಅದು ಎಣ್ಣೆಯ ಮೇಲೆ ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತದೆ.